ಬೂದಿಯೊಳಗಣ ಸಿಹಿ

ಮಾಗಿಯ ಚಳಿಯ ಮುಂಜಾವಿನಲ್ಲಿ ಬಚ್ಚಲ ಹಂಡೆಯ ನೀರು ಕಾದು, ಮನೆಮಂದಿಯ ಸ್ನಾನ ಒಂದೊಂದಾಗಿ ಮುಗಿದು, ಒಲೆಯ ಕಟ್ಟಿಗೆಯೆಲ್ಲ ಉರಿದು ಕೆಂಡವಾಗಿ, ಆ ಕೆಂಡದ ಮೇಲೆ ಬೂದಿಯ ತೆಳುಪದರವೊಂದು ಹಬ್ಬುವ ಹೊತ್ತಿಗೆ, ನಮ್ಮ ಅಜ್ಜಿ ಸೆರಗಿನಲ್ಲಿ ನಾಲ್ಕಾರು ಗೆಣಸುಗಳನ್ನು ಕಟ್ಟಿಕೊಂಡು ಬಂದು ಒಲೆಯ ಬಾಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಕೋಲಿನಿಂದ ಕೆಂಡವನ್ನು ಪಕ್ಕಕ್ಕೆ ಸರಿಸಿ, ಬಿಸಿಬೂದಿಯಲ್ಲಿ ಗುಳಿ ತೋಡಿ, ಗೆಣಸುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಮಲಗಿಸಿ, ಮೇಲೆ ಮತ್ತೆ ಬೂದಿಯನ್ನು ಹೊದಿಸಿ, ಎಲ್ಲಕ್ಕೂ ಮೇಲೆ ನಾಲ್ಕು ಕೆಂಡಗಳನ್ನು ಇಟ್ಟು, ಅವಳು ತನ್ನ ಇತರ ಕೆಲಸಗಳಿಗೆ ಹೊರಟುಹೋಗುವಳು. ಕಾಲು ಗಂಟೆಗೊಮ್ಮೆ ನಾನು ಹೋಗಿ "ತೆಗೆಯಲೇ ಅಜ್ಜಿ?" ಎಂದು ಕೇಳುವುದು, ಅವಳು "ಅವಸರ ಮಾಡಬೇಡ ಮಗು, ಅದಿನ್ನೂ ಸಿಹಿಯಾಗಿಲ್ಲ" ಎನ್ನುವುದು, ಇವೆರಡೂ ಪ್ರತಿದಿನದ ಆಚಾರದಂತೆ ನಡೆಯುತ್ತಿದ್ದವು.

'ಬೆಂದಿಲ್ಲ' ಎನ್ನದೆ 'ಸಿಹಿಯಾಗಿಲ್ಲ' ಎಂದು ಅವಳು ಹೇಳುತ್ತಿದ್ದುದನ್ನು ನಾನು ಆಗ ಗಮನಿಸಲಿಲ್ಲ. ಒಂದು ದಿನ ಅವಳು ಊರಲ್ಲಿಲ್ಲದಾಗ, ಬೂದಿಯಲ್ಲಿ ಹುಗಿದು ಕಾಯುವ ತಾಳ್ಮೆಯಿಲ್ಲದೆ, ಧಗಧಗಿಸುವ ಉರಿಯ ನಡುವೆಯೇ ಒಂದು ದಪ್ಪ ಗೆಣಸನ್ನು ಎಸೆದು, ಅರ್ಧ ಗಂಟೆಯೊಳಗೆ ಹೊರಗೆಳೆದು ಮುರಿದು ನೋಡಿದೆ. ಹೊರಗಿನ ಒಂದು ಬೆರಳು ಇದ್ದಿಲಾಗಿತ್ತು. ಅದರ ಒಳಗೆ ಬೆಂದಿದ್ದ ತೆಳುವಾದ ಉಂಗುರದಲ್ಲಿ ಹಿಟ್ಟಿನ ರುಚಿಯ ಹೊರತು ಬೇರೆ ಏನೂ ಇರಲಿಲ್ಲ. ನಟ್ಟನಡುವೆ ಬೆಳ್ಳಗೆ ಗಟ್ಟಿಯಾಗಿ ಹಸಿಗೆಣಸು ಹಾಗೆಯೇ ಕುಳಿತಿತ್ತು. ಒಂದೇ ಬುಟ್ಟಿಯ ಗೆಣಸು, ಒಂದೇ ಒಲೆ, ಒಂದೇ ಕಟ್ಟಿಗೆ. ಆದರೆ ಅಜ್ಜಿಯ ಗೆಣಸು ಜೇನಿನಂತೆ ಇರುತ್ತಿತ್ತು, ನನ್ನದು ನಾಲಗೆಗೆ ಹತ್ತಲಿಲ್ಲ. ಸಕ್ಕರೆಯನ್ನು ಅವಳು ಹಾಕುತ್ತಿರಲಿಲ್ಲ, ಬೆಂಕಿಯಲ್ಲಿ ಸಿಹಿಯಿಲ್ಲ, ಬೂದಿಯಂತೂ ಬರಿಯ ಕ್ಷಾರ. ಹಾಗಾದರೆ ಆ ಮಾಧುರ್ಯ ಬಂದುದು ಎಲ್ಲಿಂದ? ಈ ಅಧ್ಯಾಯದಲ್ಲಿ ಅಜ್ಜಿಯ ಆ ಒಂದು ಮಾತಿಗೆ ಭಾಷ್ಯವನ್ನು ಬರೆಯಲು ಯತ್ನಿಸೋಣ.

ಮೊದಲು ಗೆಣಸಿನ ಕುಲಗೋತ್ರ. ಹೆಸರಿನಲ್ಲಿ ಮರಗೆಣಸಿಗೂ ಇದಕ್ಕೂ ಸಂಬಂಧ ಕಂಡರೂ ಸಸ್ಯಶಾಸ್ತ್ರದಲ್ಲಿ ಅವೆರಡೂ ಪರಸ್ಪರ ಅಪರಿಚಿತರು. ಸಿಹಿಗೆಣಸಿನ ನಂಟರನ್ನು ಕಾಣಬೇಕಾದರೆ ಕಡಲತಡಿಯ ಮರಳಿನಲ್ಲಿ ಹಬ್ಬುವ ಅಡುಂಬು ಬಳ್ಳಿಯನ್ನೋ, ಅಂಗಳದ ಚಪ್ಪರಕ್ಕೆ ಏರುವ ಕಾಮಲತೆಯನ್ನೋ ನೋಡಬೇಕು. ಗೆಣಸಿನ ಹೊಲದಲ್ಲಿ ಅಪರೂಪಕ್ಕೆ ಅರಳುವ ನಸುನೇರಳೆಯ ಆಲಿಕೆಯಾಕಾರದ ಹೂವು ಈ ನಂಟಿಗೆ ಸಾಕ್ಷಿ. ಆಲೂಗಡ್ಡೆ ನೆಲದೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳೇ ಅದಕ್ಕೆ ಪ್ರಮಾಣ. ಗೆಣಸಾದರೋ ಊದಿಕೊಂಡ ಬೇರು. ಆದರೂ ಹೆಸರುಗಳ ಪೇಟೆಯಲ್ಲಿ ಇವೆರಡೂ ಅದಲುಬದಲಾಗಿವೆ. ನಮ್ಮ ಕರಾವಳಿಯಲ್ಲಿಯೂ ಉತ್ತರದ ಸೀಮೆಯಲ್ಲಿಯೂ ಆಲೂಗಡ್ಡೆಗೆ ಹೇಳುವ 'ಬಟಾಟೆ' ಎಂಬ ಮಾತು ಪೋರ್ಚುಗೀಸರ ಬಾಯಿಂದ ಬಂದುದು. ಅವರಿಗೆ ಅದು ದೊರೆತುದು ಕೆರಿಬಿಯನ್ ದ್ವೀಪವಾಸಿಗಳಿಂದ. ಅಲ್ಲಿ ಅದು ಮೂಲತಃ ಸಿಹಿಗೆಣಸಿನ ಹೆಸರೇ ಆಗಿತ್ತು.

ಅಮೆರಿಕ ಖಂಡದ ಉಷ್ಣಪ್ರದೇಶದಲ್ಲಿ ಹುಟ್ಟಿದ ಈ ಬಳ್ಳಿ ಅಲ್ಲಿಂದ ಹೊರಟು ಭೂಮಂಡಲವನ್ನೇ ಸುತ್ತಿತು. ಯೂರೋಪಿನವರು ಪೆಸಿಫಿಕ್ ಸಾಗರಕ್ಕೆ ಇಳಿಯುವುದಕ್ಕೆ ಎಷ್ಟೋ ಮುನ್ನವೇ ಅದು ಪಾಲಿನೇಷಿಯದ ದ್ವೀಪಗಳನ್ನು ಸೇರಿತ್ತೆಂಬುದಕ್ಕೆ, ಆ ದ್ವೀಪಗಳ ಪುರಾತನ ನೆಲೆಗಳಲ್ಲಿ ಸಿಕ್ಕಿರುವ, ಸುಟ್ಟು ಇದ್ದಿಲಾದ ಗೆಣಸಿನ ತುಣುಕುಗಳೇ ಆಧಾರ. ಯಾರೋ ನನ್ನಂತಹ ಅವಸರಗೇಡಿ ಹಾಳುಮಾಡಿದ ಗೆಣಸು ಶತಮಾನಗಳ ಅನಂತರ ಇತಿಹಾಸಕ್ಕೆ ಸಾಕ್ಷ್ಯವಾಯಿತೆಂದು ನೆನೆದಾಗಲೆಲ್ಲ ನನ್ನ ಬಾಲ್ಯದ ಅಪರಾಧ ಅಷ್ಟು ಭಾರವೆನಿಸುವುದಿಲ್ಲ. 1593ರಲ್ಲಿ ಅದು ಫಿಲಿಪೀನ್ಸಿನ ಲುಜಾನಿನಿಂದ ಚೀನದ ಫೂಜಿಯನ್ ಪ್ರಾಂತಕ್ಕೆ ಹೋಯಿತು. 1605ರಲ್ಲಿ ರ್ಯುಕ್ಯು ದ್ವೀಪಗಳನ್ನು ಮುಟ್ಟಿತು. ಜಪಾನಿನಲ್ಲಿ ಕ್ಷಾಮ ತಲೆದೋರಿದ ಮೇಲೆ 1735ರಲ್ಲಿ ಆವೊಕಿ ಕೊನ್ಯೊ ಎಂಬ ವಿದ್ವಾಂಸನು ರಾಜಧಾನಿ ಎಡೊದಲ್ಲಿ ಅದನ್ನು ಪ್ರಯೋಗಾರ್ಥವಾಗಿ ಬೆಳೆಸಿದನು. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು. ಹೊರಗಿನಿಂದ ಬಂದ ಈ ಬೇರು ಇಂದು ನಮ್ಮ ಏಕಾದಶಿಯ, ಶಿವರಾತ್ರಿಯ ಫಲಾಹಾರದ ತಟ್ಟೆಯಲ್ಲಿ ಮಡಿಯೊಡನೆ ಕುಳಿತಿದೆ. ಸಂಕ್ರಾಂತಿಯ ದಿನ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅವರೆಕಾಯಿ, ಕಡಲೆಕಾಯಿಗಳ ಜೊತೆಗೆ ಬೇಯುತ್ತದೆ. ಬೆಳಗಾವಿಯ ಸುತ್ತಣ ಕೆಂಪುಮಣ್ಣಿನಲ್ಲಿ ಬಂಡಿಗಟ್ಟಲೆ ಬೆಳೆಯುತ್ತದೆ.

ಇದೆಲ್ಲಕ್ಕಿಂತ ನಮಗೆ ಮುಖ್ಯವಾದುದು ಬೇರೊಂದು ಸಂಗತಿ. ಗೆಣಸು ಹೋದ ನಾಡುಗಳಲ್ಲಿ ಜನ ಅದಕ್ಕೆ ನಿಧಾನವಾದ ಶಾಖವನ್ನೇ ಹುಡುಕಿಕೊಟ್ಟಿದ್ದಾರೆ. ನ್ಯೂಜಿಲೆಂಡಿನ ಮಾವೊರಿ ಜನರು ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಗೆಣಸನ್ನಿಟ್ಟು, ಮೇಲೆ ಮಣ್ಣು ಮುಚ್ಚಿ ಗಂಟೆಗಟ್ಟಲೆ ಬಿಡುತ್ತಾರೆ. ಜಪಾನಿನ ಬೀದಿಗಳಲ್ಲಿ ಚಳಿಗಾಲದ ಸಂಜೆ ಗಾಡಿಯವನು ಕಾದ ಬೆಣಚುಕಲ್ಲುಗಳ ನಡುವೆ ಗೆಣಸನ್ನು ಹುದುಗಿಸಿ ಮಾರುತ್ತಾನೆ. ನಮ್ಮಲ್ಲಿ ಬಚ್ಚಲೊಲೆಯ ಬೂದಿ. ಪರಸ್ಪರ ಕಂಡು ಕೇಳಿ ಅರಿಯದ ಈ ಮೂರು ಜನಾಂಗಗಳು ಮಣ್ಣು, ಕಲ್ಲು, ಬೂದಿಗಳೆಂಬ ಮೂರು ಹೊದಿಕೆಗಳ ಮೂಲಕ ಒಂದೇ ಉಪಾಯವನ್ನು ಮುಟ್ಟಿದುದು ಆಕಸ್ಮಿಕವಾಗಿರಲಾರದು. ಗೆಣಸಿನ ಒಡಲಿನಲ್ಲಿಯೇ ಇದಕ್ಕೆ ಕಾರಣವಿರಬೇಕು.

ಹಸಿಗೆಣಸಿನ ನೂರು ಪಾಲಿನಲ್ಲಿ ಸುಮಾರು 70 ಪಾಲು ನೀರು; ಉಳಿದುದರಲ್ಲಿ ಬಹುಭಾಗ ಪಿಷ್ಟ. ಎಲೆಗಳು ಬಿಸಿಲನ್ನು ಕುಡಿದು ತಯಾರಿಸಿದ ಸಕ್ಕರೆಯನ್ನು ಬಳ್ಳಿಯು ಬೇರಿಗೆ ಇಳಿಸಿ, ಅಲ್ಲಿ ಅದನ್ನು ಪಿಷ್ಟದ ರೂಪದಲ್ಲಿ ಕೂಡಿಡುತ್ತದೆ. ಹೀಗೆ ಮಾಡುವುದರಲ್ಲಿ ಒಂದು ಜಾಣ್ಮೆಯುಂಟು. ಸಕ್ಕರೆ ನೀರಿನಲ್ಲಿ ಕರಗುವ ವಸ್ತು. ಅದನ್ನು ಹಾಗೆಯೇ ರಾಶಿಹಾಕಿದರೆ ಜೀವಕೋಶವು ಸುತ್ತಲಿನ ನೀರನ್ನೆಲ್ಲ ಹೀರಿಕೊಂಡು ಉಬ್ಬಿಹೋದೀತು. ಅದೇ ಸಕ್ಕರೆಯ ಸಾವಿರಾರು ಅಣುಗಳನ್ನು ಮಣಿಗಳಂತೆ ಸರಗಟ್ಟಿ, ಸರಗಳನ್ನು ಒತ್ತಾಗಿ ಸುತ್ತಿ ಕಣವನ್ನಾಗಿ ಮಾಡಿಟ್ಟರೆ, ಅದು ನೀರಿಗೆ ಕರಗದೆ, ಯಾರಿಗೂ ತೊಂದರೆ ಕೊಡದೆ, ಕಣಜದ ಧಾನ್ಯದಂತೆ ಸುಮ್ಮನಿರುತ್ತದೆ. ಸರದಲ್ಲಿ ಕೋದಿರುವವರೆಗೆ ಮಣಿಗಳಿಗೆ ಸಿಹಿಯಿಲ್ಲ. ನಾಲಗೆಗೆ ಪಿಷ್ಟ ಬರಿಯ ಹಿಟ್ಟು. ಅನ್ನದ ತುತ್ತನ್ನು ಬಹಳ ಹೊತ್ತು ಅಗಿದರೆ ಬಾಯಲ್ಲಿ ಸಿಹಿ ತೋರುವುದನ್ನು ಎಲ್ಲರೂ ಬಲ್ಲರು. ಅದು ಎಂಜಲಿನಲ್ಲಿರುವ ಒಂದು ವಸ್ತು ಸರವನ್ನು ಕತ್ತರಿಸುವುದರ ಫಲ. ಆದರೆ ಗೆಣಸಿಗೆ ನಮ್ಮ ಎಂಜಲಿನ ಹಂಗಿಲ್ಲ. ಕತ್ತರಿಯನ್ನು ಅದು ತನ್ನಲ್ಲಿಯೇ ಇಟ್ಟುಕೊಂಡಿದೆ.

ಈ ಕತ್ತರಿಯ ಸುಳಿವು ಮನುಷ್ಯನಿಗೆ ಮೊದಲು ಹತ್ತಿದುದು ಗೆಣಸಿನಲ್ಲಲ್ಲ, ಮೊಳೆತ ಜವೆಗೋದಿಯಲ್ಲಿ. 1833ರಲ್ಲಿ ಪ್ಯಾರಿಸ್ಸಿನ ಪಾಯೆನ್ ಮತ್ತು ಪೆರ್ಸೋಜ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಮೊಳಕೆಯ ಸಾರಕ್ಕೆ ಮದ್ಯಸಾರವನ್ನು ಬೆರೆಸಿ ಒಂದು ಬಿಳಿಯ ಗಸಿಯನ್ನು ಬೇರ್ಪಡಿಸಿ, ಅದರ ಚಿಟಿಕೆಯಷ್ಟು ಪುಡಿಯು ರಾಶಿ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವುದನ್ನು ಕಂಡರು. ಅದಕ್ಕೆ ಅವರು 'ಡಯಾಸ್ಟೇಸ್' ಎಂದು ಹೆಸರಿಟ್ಟರು. ಇಂತಹ ವಸ್ತುಗಳನ್ನು ನಾವು ಇಂದು ಕಿಣ್ವಗಳೆನ್ನುತ್ತೇವೆ. ನಮ್ಮ ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಮಕ್ಕಳಿಗೆ ಗಂಜಿ ಕಾಯಿಸುವಾಗ ಬೆಲ್ಲ ಹಾಕುವುದಕ್ಕೆ ಮೊದಲೇ ತೋರುವ ಸವಿಯಲ್ಲಿ ಈ ಬಗೆಯ ಕಿಣ್ವಗಳ ಪಾಲುಂಟು. ಗೆಣಸಿನಲ್ಲಿ ಅತಿಶಯವಾಗಿ ತುಂಬಿರುವ ಕಿಣ್ವಕ್ಕೆ 'ಬೀಟಾ ಅಮೈಲೇಸ್' ಎಂದು ಹೆಸರು. ಇದು ಪಿಷ್ಟದ ಸರವನ್ನು ನಡುವೆ ಎಲ್ಲೆಂದರಲ್ಲಿ ತುಂಡರಿಸದೆ, ತುದಿಯಿಂದ ಆರಂಭಿಸಿ, ಎರಡೆರಡು ಮಣಿಗಳನ್ನು ಕ್ರಮವಾಗಿ ಬಿಡಿಸುತ್ತ ಹೋಗುತ್ತದೆ. ಹೀಗೆ ಉದುರಿದ ಜೋಡಿಮಣಿಯೇ ಮಾಲ್ಟೋಸ್ ಎಂಬ ಸಕ್ಕರೆ. ಅಂಗಡಿಯ ಸಕ್ಕರೆಯ ಅರ್ಧದಷ್ಟೂ ಸಿಹಿಯಿಲ್ಲದಿದ್ದರೂ, ಪ್ರಮಾಣದಲ್ಲಿ ಹೇರಳವಾಗಿ ಉಂಟಾಗುವುದರಿಂದಲೇ ಅದು ಗೆಣಸಿಗೆ ಆ ಮೃದುವಾದ ಮಾಧುರ್ಯವನ್ನು ಕೊಡುತ್ತದೆ. ಹಸಿಗೆಣಸಿನಲ್ಲಿ ಬೇರೆ ಸಕ್ಕರೆಗಳು ಸ್ವಲ್ಪ ಮಟ್ಟಿಗೆ ಇರುತ್ತವೆ. ಮಾಲ್ಟೋಸ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅದು ಒಲೆಯಲ್ಲಿಯೇ ಹುಟ್ಟಬೇಕು.

ಕಿಣ್ವವೆಂದರೆ ಅಗೋಚರವಾದ ಯಾವುದೋ ಜೀವಶಕ್ತಿಯಲ್ಲ, ಹಿಡಿದು ತೋರಿಸಬಹುದಾದ ಪ್ರೋಟೀನ್ ವಸ್ತುವೇ ಎಂಬುದು ನಿಶ್ಚಯವಾದುದು ಇಪ್ಪತ್ತನೆಯ ಶತಮಾನದಲ್ಲಿ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರನು ಅವರೆಯ ಜಾತಿಯ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಳ ರೂಪದಲ್ಲಿ ಪಡೆದನು. ಬಹುಕಾಲ ಯಾರೂ ನಂಬದಿದ್ದ ಆ ಸಾಧನೆಗೆ 1946ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದಾದ ಎರಡೇ ವರ್ಷಕ್ಕೆ, 1948ರಲ್ಲಿ, ಬಾಲ್ಸ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಬೀಟಾ ಅಮೈಲೇಸನ್ನು ಹರಳುಗಟ್ಟಿಸಿದರು. ಅದಕ್ಕಾಗಿ ಅವರು ಆರಿಸಿಕೊಂಡ ಮೂಲದ್ರವ್ಯ ಗೆಣಸೇ. ಈ ಕಿಣ್ವದ ಸಮೃದ್ಧಿಯಲ್ಲಿ ಗೆಣಸಿಗೆ ಸಾಟಿಯಾದ ಪದಾರ್ಥಗಳು ವಿರಳ.

ಕತ್ತರಿಯೂ ಇದೆ, ಸರವೂ ಇದೆ. ಹಾಗಿದ್ದರೆ ಹಸಿಗೆಣಸು ನೆಲದೊಳಗೇ ಏಕೆ ಸಕ್ಕರೆಯಾಗಿಹೋಗುವುದಿಲ್ಲ? ಏಕೆಂದರೆ ಹಸಿಪಿಷ್ಟದ ಕಣ ಕಲ್ಲಿನಷ್ಟು ಬಿಗಿಯಾದುದು. ಸರದ ತುದಿಯು ಕತ್ತರಿಯ ಬಾಯಿಗೆ ಸಿಕ್ಕುವುದೇ ಇಲ್ಲ. ಶಾಖ ಏರಿ 60 ಡಿಗ್ರಿ ಸೆಂಟಿಗ್ರೇಡಿನ ಸುತ್ತುಮುತ್ತಿಗೆ ಬಂದಾಗ ಜೀವಕೋಶದ ಒಳಪೊರೆಗಳು ಒಡೆದು, ಬೇರೆಬೇರೆ ಅರೆಗಳಲ್ಲಿದ್ದ ರಸಗಳು ಒಂದುಗೂಡುತ್ತವೆ. ಮುಂದೆ 65ರಿಂದ 75 ಡಿಗ್ರಿಯ ನಡುವೆ ಪಿಷ್ಟದ ಕಣಗಳು ಸುತ್ತಲಿನ ನೀರನ್ನು ಹೀರಿ, ಉಬ್ಬಿ, ಸಡಿಲಗೊಂಡು ಅಂಬಲಿಯಂತಾಗುತ್ತವೆ. ಒಳಗೆ ಸುತ್ತಿಟ್ಟ ಸರಗಳು ಬಿಚ್ಚಿಕೊಳ್ಳುತ್ತವೆ. ಕಿಣ್ವಕ್ಕೆ ಈಗ ಸುಗ್ಗಿ. ಆದರೆ ಆ ಸುಗ್ಗಿ ಅಲ್ಪಕಾಲದ್ದು. ಕಿಣ್ವವು ಪ್ರೋಟೀನಾದುದರಿಂದ ಅತಿಶಾಖದಲ್ಲಿ ಅದರ ಮೈ ಮುದುಡಿ ಕೆಡುತ್ತದೆ. ಎಷ್ಟೋ ಕಿಣ್ವಗಳು 60 ಡಿಗ್ರಿಯೊಳಗೇ ಸೋಲುತ್ತವೆ. ಗೆಣಸಿನದು ಗಟ್ಟಿಗ, ಹೆಚ್ಚುಕಡಿಮೆ 75 ಡಿಗ್ರಿಯವರೆಗೂ ದುಡಿಯಬಲ್ಲದು. 80ನ್ನು ದಾಟಿದ ಮೇಲೆ ಅದೂ ಕೈಚೆಲ್ಲುತ್ತದೆ. ಪಿಷ್ಟವು ಬಾಗಿಲು ತೆರೆಯುವುದಕ್ಕೂ ಕಿಣ್ವವು ಕಣ್ಣು ಮುಚ್ಚುವುದಕ್ಕೂ ನಡುವೆ ಇರುವ ಈ ಹತ್ತು ಹದಿನೈದು ಡಿಗ್ರಿಗಳ ಕಿರಿದಾದ ಓಣಿಯೇ ಗೆಣಸಿನ ಮಾಧುರ್ಯದ ಜನ್ಮಸ್ಥಾನ. ಆ ಓಣಿಯಲ್ಲಿ ಗೆಣಸು ಎಷ್ಟು ಸಾವಕಾಶವಾಗಿ ನಡೆಯುವುದೋ ಅಷ್ಟೂ ಸಿಹಿ. ಓಡಿಕೊಂಡು ದಾಟಿದರೆ ಹಿಟ್ಟಿನ ರುಚಿ. ನನ್ನ ಉರಿಯಲ್ಲಿ ಬೆಂದ ಉಂಗುರಕ್ಕೆ ಒದಗಿದ ಗತಿ ಇದೇ.

ಇಲ್ಲಿ ಓದುಗರು ಇನ್ನೊಂದು ಅಂಶವನ್ನು ಲಕ್ಷಿಸಬೇಕು. ಗೆಣಸು ಮೆತ್ತಗಾಗುವುದು ಈ ಓಣಿಯಲ್ಲಲ್ಲ, ಅದಕ್ಕೂ ಮುಂದೆ. ಸಸ್ಯದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆಯನ್ನು ಪೆಕ್ಟಿನ್ ಎನ್ನುತ್ತಾರೆ. ಅದನ್ನು ಗುರುತಿಸಿ ಹೆಸರಿಟ್ಟವನು ಫ್ರಾನ್ಸಿನ ಬ್ರಾಕೊನೊ, 1825ರಲ್ಲಿ. ಆ ಗಾರೆ ಚೆನ್ನಾಗಿ ಕರಗಿ, ಬೆರಳಿಗೆ ಗೆಣಸು ಬೆಣ್ಣೆಯಂತೆ ಒಗ್ಗಬೇಕಾದರೆ ಶಾಖವು 85 ಡಿಗ್ರಿಯನ್ನಾದರೂ ಮೀರಬೇಕು. ಅಂದರೆ ಸಿಹಿಯಾಗುವ ಕಾರ್ಯವು ಮೊದಲು, ಬೇಯುವ ಕಾರ್ಯವು ಅನಂತರ; ಬೆಂದ ಮೇಲೆ ಸಿಹಿಯಾಗಲು ಅವಕಾಶವೇ ಇಲ್ಲ. ಇವೆರಡೂ ಬೇರೆಬೇರೆ ಕೆಲಸಗಳೆಂಬುದನ್ನು ನನ್ನ ಅಜ್ಜಿ ಯಾವ ಉಷ್ಣಮಾಪಕವನ್ನೂ ಕಾಣದೆ ತಿಳಿದಿದ್ದಳು. ಆದುದರಿಂದಲೇ ಅವಳ ನಾಲಗೆಗೆ 'ಬೆಂದಿಲ್ಲ' ಎಂಬುದಕ್ಕಿಂತ 'ಸಿಹಿಯಾಗಿಲ್ಲ' ಎಂಬ ಮಾತು ಮೊದಲು ಬಂದಿತು.

ಇನ್ನು ಬೂದಿಯ ಮಹಿಮೆ. ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದಕ್ಕೆ ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳಿವೆಯಷ್ಟೆ. ನಿಗಿನಿಗಿ ಕೆಂಡದ ಶಾಖ 700 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದರಿಂದ ಹೊಮ್ಮುವ ವಿಕಿರಣವೇ ನಮ್ಮ ಮುಖಕ್ಕೆ ದೂರದಿಂದಲೂ ತಾಗುವ ಝಳ. ನಡುವೆ ಬೂದಿಯನ್ನು ಹರಡಿದೊಡನೆ ವಿಕಿರಣಕ್ಕೆ ತೆರೆ ಬೀಳುತ್ತದೆ. ಕಟ್ಟಿಗೆಯಲ್ಲಿದ್ದ ಸುಣ್ಣ, ಪೊಟ್ಯಾಸಿಯಮ್ ಮುಂತಾದವುಗಳ ಲವಣಗಳು ನವುರಾದ ಪುಡಿಯಾಗಿ, ಕಣಕಣದ ನಡುವೆ ಗಾಳಿಯನ್ನು ಸೆರೆಹಿಡಿದು ನಿಂತಿರುವ ರಾಶಿಯೇ ಬೂದಿ; ಕದಲದ ಗಾಳಿ ಶಾಖದ ಅತ್ಯಂತ ಕೃಪಣವಾದ ವಾಹಕ. ಹೀಗಾಗಿ ಬೂದಿಯು ಮೇಲಣ ಕೆಂಡದ ರಭಸವನ್ನು ತಡೆದು, ಅದನ್ನು ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಬಿಡುತ್ತದೆ. ಕೆಂಡಕ್ಕೆ ಹೊರಗಿನ ಗಾಳಿ ಧಾರಾಳವಾಗಿ ಸಿಕ್ಕದಂತೆ ಮಾಡಿ ಅದು ಬೇಗ ಉರಿದುಹೋಗುವುದನ್ನೂ ತಪ್ಪಿಸುತ್ತದೆ. 'ಬೂದಿ ಮುಚ್ಚಿದ ಕೆಂಡ' ಎಂಬ ನುಡಿಯನ್ನು ನಾವು ಒಳಗೊಳಗೇ ಕುದಿಯುವ ಕೋಪಿಷ್ಠರಿಗೆ ಬಳಸುತ್ತೇವೆ. ಅಡಿಗೆಯ ಮನೆಯಲ್ಲಿ ಅದು ಸಂಯಮದ ಹೆಸರು.

ಬೂದಿಯನ್ನು ದಾಟಿದ ಶಾಖ ಗೆಣಸಿನ ಒಳಕ್ಕೆ ಇಳಿಯುವುದು ವಹನದಿಂದ. ಅದೂ ಆಮೆಯ ನಡಿಗೆಯಿಂದ. ಘನವಸ್ತುಗಳಲ್ಲಿ ಶಾಖವು ಹರಡುವ ಕ್ರಮವನ್ನು ಗಣಿತಬದ್ಧವಾಗಿ ನಿರೂಪಿಸಿದವನು ಫ್ರಾನ್ಸಿನ ಫೂರ್ಯೆ. ಆತನ ಮಹಾಗ್ರಂಥ 1822ರಲ್ಲಿ ಪ್ರಕಟವಾಯಿತು. ಅದರ ಫಲಿತಾರ್ಥಗಳಲ್ಲಿ ಅಡಿಗೆಯವರಿಗೆ ಬೇಕಾದುದು ಒಂದೇ: ಒಂದೇ ಆಕಾರದ ಪದಾರ್ಥದ ದಪ್ಪವು ಇಮ್ಮಡಿಯಾದರೆ, ಒಳಗಿನ ತಿರುಳು ಅದೇ ಶಾಖವನ್ನು ಮುಟ್ಟಲು ಹಿಡಿಯುವ ಕಾಲ ಇಮ್ಮಡಿಯಾಗುವುದಿಲ್ಲ, ಸುಮಾರು ನಾಲ್ಮಡಿಯಾಗುತ್ತದೆ. ಎರಡು ಬೆರಳು ದಪ್ಪದ ಗೆಣಸಿಗೆ ಅರ್ಧ ಗಂಟೆ ಸಾಕಾದರೆ ನಾಲ್ಕು ಬೆರಳಿನದಕ್ಕೆ ಎರಡು ಗಂಟೆ ಬೇಕಾದೀತು. ಸಂತೆಯಿಂದ ತಂದ ಗೆಣಸನ್ನು ಅಜ್ಜಿ ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಒಂದೇ ಅಳತೆಯವನ್ನು ಮಾತ್ರ ಒಂದು ಸಲಕ್ಕೆ ಹುಗಿಯುತ್ತಿದ್ದುದರ ಮರ್ಮವಿದು.

ನಿಧಾನವಾದ ಶಾಖದ ಈ ಗುಣವನ್ನು ಪಾಶ್ಚಾತ್ಯ ವಿಜ್ಞಾನವು ಕಂಡುಕೊಂಡುದು ಒಂದು ವಿನೋದದ ಸಂದರ್ಭದಲ್ಲಿ. ಬವೇರಿಯದ ಅರಸನ ಸೇವೆಯಲ್ಲಿದ್ದ ಕೌಂಟ್ ರಮ್‌ಫರ್ಡ್ ಒಲೆ, ಹೊಗೆಗೂಡು, ಸೂಪುಗಳ ವಿಷಯದಲ್ಲಿ ಪ್ರಬಂಧಗಳನ್ನೇ ಬರೆದ ವಿಚಿತ್ರ ಪ್ರತಿಭಾಶಾಲಿ. ಆಲೂಗಡ್ಡೆಗಳನ್ನು ಒಣಗಿಸಲೆಂದು ತಾನು ಕಟ್ಟಿಸಿದ್ದ ಯಂತ್ರದಲ್ಲಿ ಮಾಂಸವು ಬೆಂದೀತೇ ಎಂದು ನೋಡಲು ಆತನು ಕುರಿಯ ಭುಜದ ತುಂಡೊಂದನ್ನು ಇರಿಸಿ, ಕೆಲವು ಗಂಟೆಗಳಾದರೂ ಅದು ಬೇಯದಿರಲು ಪ್ರಯೋಗ ಕೆಟ್ಟಿತೆಂದು ಬಗೆದನು. ಇರುಳೆಲ್ಲ ಅದು ಒಳಗೇ ಉಳಿಯಿತು. ಬೆಳಗ್ಗೆ ನೋಡಿದರೆ ಮಾಂಸವು ಪೂರ್ಣವಾಗಿ ಬೆಂದು, ಮೃದುವಾಗಿ, ಅಪೂರ್ವವಾದ ರುಚಿಯಿಂದ ಕೂಡಿತ್ತು. ಕುದಿಯುವ ಶಾಖಕ್ಕಿಂತ ಕಡಿಮೆಯಾದ ಶಾಖವೂ ಕಾಲದ ನೆರವಿನಿಂದ ಅಡಿಗೆ ಮಾಡಬಲ್ಲದೆಂಬುದು ಆತನಿಗೆ ಮನವರಿಕೆಯಾಯಿತು. ಉರಿಯನ್ನು ಹೆಚ್ಚಿಸುವುದರಿಂದ ಕಾಲವನ್ನು ಉಳಿಸಬಹುದು. ಆದರೆ ಕಾಲವು ಮಾಡತಕ್ಕ ಕೆಲಸವನ್ನೆಲ್ಲ ಉರಿಯಿಂದ ಮಾಡಿಸಲಾಗುವುದಿಲ್ಲ.

ಇದುವರೆಗೆ ಒಳಗಿನ ಕಥೆ. ಈಗ ಸಿಪ್ಪೆಯ ಬಳಿಗೆ ಬರೋಣ. ಗೆಣಸಿನ ಹೊರಮೈಯಲ್ಲಿ ತೇವವಿರುವವರೆಗೆ ಅದರ ಶಾಖ 100 ಡಿಗ್ರಿಯನ್ನು ದಾಟಲಾರದು. ಒಂದು ಗ್ರಾಮ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 75 ಕ್ಯಾಲೊರಿ ಸಾಕು; ಆದರೆ ಆ 100 ಡಿಗ್ರಿಯ ನೀರನ್ನೇ ಆವಿಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ವ್ಯಯವಾಗಬೇಕು. ಆವಿಯು ನುಂಗುವ ಈ ಗುಪ್ತೋಷ್ಣವೇ ಗೆಣಸನ್ನು ಬಹಳ ಹೊತ್ತು ಸೀದುಹೋಗದಂತೆ ಕಾಯುವ ಕವಚ. ಕ್ರಮೇಣ ಸಿಪ್ಪೆ ಒಣಗಿದ ಮೇಲೆ ಅಲ್ಲಿನ ಶಾಖ ಮೇಲೇರಿ ಬೇರೊಂದು ರಸಾಯನ ಮೊದಲಾಗುತ್ತದೆ. ಸಕ್ಕರೆಗಳೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಕಂದುಬಣ್ಣವನ್ನೂ ನೂರಾರು ಬಗೆಯ ಸುವಾಸನೆಗಳನ್ನೂ ಉಂಟುಮಾಡುವುದನ್ನು 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ವೈದ್ಯವಿಜ್ಞಾನಿ ಪ್ರಕಟಪಡಿಸಿದನು. ಆ ಗೋಜಲಾದ ಕ್ರಿಯೆಯ ಹಂತಗಳನ್ನು 1953ರಲ್ಲಿ ಹಾಡ್ಜ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞನು ವ್ಯವಸ್ಥಿತವಾಗಿ ವಿವರಿಸಿದನು. ಹುರಿದ ಕಾಫಿಬೀಜ, ಒತ್ತುಶಾವಿಗೆಗೆ ಹಾಕಿದ ಒಗ್ಗರಣೆಯ ಉದ್ದಿನಬೇಳೆ, ಸುಟ್ಟ ಗೆಣಸು, ಇವೆಲ್ಲದರ ಪರಿಮಳಕ್ಕೂ ಇದೇ ತವರು. ಮಾಲ್ಟೋಸ್ ಈ ಕ್ರಿಯೆಗೆ ಒಗ್ಗುವ ಸಕ್ಕರೆ. ಒಳಗೆ ಹುಟ್ಟಿದ ಸಿಹಿಯೇ ಹೊರಗೆ ಕಂಪಾಗುತ್ತದೆ. ಗೆಣಸಿನ ತುದಿಯಲ್ಲಿ ಜಿನುಗಿ, ಬೂದಿಯೊಡನೆ ಅಂಟಿಕೊಂಡು, ಕಾಕಂಬಿಯಂತೆ ಕಪ್ಪಾಗಿ ನಿಲ್ಲುವ ಪಾಕದ ಹನಿ ಈ ಎರಡೂ ಕಾರ್ಯಗಳ ಮುದ್ರೆ. ಅದನ್ನು ಕಂಡ ಮೇಲೆಯೇ ಅಜ್ಜಿ ಕೋಲನ್ನು ಕೈಗೆತ್ತಿಕೊಳ್ಳುತ್ತಿದ್ದಳು.

ಬಚ್ಚಲೊಲೆಗಳು ವಿರಳವಾಗಿರುವ ಇಂದಿನ ಮನೆಗಳಲ್ಲಿ ಇದೆಲ್ಲವನ್ನೂ ಸಾಧಿಸುವುದು ಹೇಗೆಂದು ಓದುಗರು ಕೇಳಬಹುದು. ಮೊದಲು ಗೆಣಸಿನ ಆಯ್ಕೆ: ಮಧ್ಯಮ ಗಾತ್ರದ, ಗಾಯವಿಲ್ಲದ, ಒಂದೇ ದಪ್ಪದ ಗೆಣಸುಗಳನ್ನು ಆರಿಸಬೇಕು. ಕಿತ್ತ ದಿನವೇ ಬೇಯಿಸುವುದಕ್ಕಿಂತ, ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ ಕೆಲವು ದಿನ ಇಟ್ಟು ಬೇಯಿಸುವುದು ಲೇಸು. ಆಗ ಕೀಳುವಾಗ ಆದ ತರಚುಗಳ ಮೇಲೆ ಹೊಸ ಪೊರೆ ಕಟ್ಟಿಕೊಳ್ಳುತ್ತದೆ, ಪಿಷ್ಟದ ಒಂದಂಶ ತಾನಾಗಿ ಸಕ್ಕರೆಯಾಗುತ್ತದೆ. ಶೀತಪೆಟ್ಟಿಗೆಯಲ್ಲಿ ಮಾತ್ರ ಎಂದೂ ಇಡಬಾರದು. ಉಷ್ಣದೇಶದ ಈ ಬೇರಿಗೆ 12 ಡಿಗ್ರಿಗಿಂತ ಕೆಳಗಿನ ತಂಪು ಒಗ್ಗದು. ಅಂತಹ ತಂಪಿನಲ್ಲಿ ಬಹುದಿನ ಕಳೆದ ಗೆಣಸಿನ ತಿರುಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿದೀತು. ತೊಳೆದು ನೀರೊರಸಿ, ಸಿಪ್ಪೆಯೊಡನೆ ಇಡಿಯಾಗಿಯೇ ಬೇಯಿಸಬೇಕು; ಹೆಚ್ಚಿದರೆ ದಪ್ಪ ಕುಗ್ಗಿ, ಸಿಹಿಯ ಓಣಿಯನ್ನು ಅದು ಕ್ಷಣಾರ್ಧದಲ್ಲಿ ದಾಟಿಬಿಡುತ್ತದೆ.

ವಿದ್ಯುತ್ತಿನ ಓವನ್ ಇರುವವರು ಅದನ್ನು ಮುಂಚಿತವಾಗಿ ಕಾಯಿಸದೆ, ತಣ್ಣಗಿರುವಾಗಲೇ ಗೆಣಸನ್ನಿಟ್ಟು, 150 ಡಿಗ್ರಿಗೆ ಗೊತ್ತುಮಾಡಿ, ಒಂದೂವರೆ ಗಂಟೆ ಮರೆತುಬಿಡಬೇಕು. ಓವನ್ ಇಲ್ಲದವರು ಹಳೆಯ ಮಣ್ಣಿನ ಮಡಕೆಯ ತಳದಲ್ಲಿ ಎರಡು ಬೆರಳು ಒಣಮರಳನ್ನು ಹಾಸಿ, ಮೇಲೆ ಗೆಣಸನ್ನು ಜೋಡಿಸಿ, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಅತಿ ಸಣ್ಣ ಉರಿಯ ಮೇಲೆ ಅಷ್ಟೇ ಹೊತ್ತು ಇಟ್ಟು, ಒಂದು ಗಂಟೆ ಕಳೆದ ಮೇಲೆ ಒಮ್ಮೆ ಮಗುಚಿದರೆ ಬೂದಿಯ ಕೆಲಸವನ್ನು ಮರಳು ಮಾಡೀತು. ಪ್ರೆಷರ್ ಕುಕ್ಕರಿನಲ್ಲಿ ಶಾಖವು ಸುಮಾರು 120 ಡಿಗ್ರಿಗೆ ಏರುವುದರಿಂದ ಗೆಣಸು ಬೇಗ ಬೇಯುವುದು ನಿಜ. ಕಿಣ್ವವೂ ಅಷ್ಟೇ ಬೇಗ ಸಾಯುವುದು ನಿಜ. ನೀರಿನಲ್ಲಿ ಕುದಿಸಿದ ಗೆಣಸು ಸಿಹಿಯಾಗಿರುವುದಿಲ್ಲವೆಂದು ನಾನು ಹೇಳಲಾರೆ. ಸಂಕ್ರಾಂತಿಯ ಗೆಣಸನ್ನು ತಿಂದವರಾರೂ ಅದನ್ನು ಒಪ್ಪರು. ಆದರೆ ಅಲ್ಲಿ ನೀರು ಶಾಖವನ್ನು ಬೇಗ ಒಪ್ಪಿಸಿಬಿಡುತ್ತದೆ, ಸಕ್ಕರೆಯ ಒಂದು ಪಾಲನ್ನು ತಾನೇ ಕದ್ದುಕೊಳ್ಳುತ್ತದೆ. ಬೂದಿಯಲ್ಲಾದರೋ ನೀರು ಆರುತ್ತ ಆರುತ್ತ ಇದ್ದ ಸಿಹಿಯು ಮತ್ತಷ್ಟು ಸಾಂದ್ರವಾಗುತ್ತದೆ.

ಮಾತನ್ನು ನಂಬುವುದಕ್ಕಿಂತ ಪರೀಕ್ಷಿಸಿ ನೋಡುವುದು ಮೇಲಾದುದರಿಂದ, ಮಕ್ಕಳಿರುವ ಮನೆಗಳಲ್ಲಿ ಒಂದು ಭಾನುವಾರ ಈ ಪ್ರಯೋಗವನ್ನು ಮಾಡಿರಿ. ಒಂದೇ ಬುಟ್ಟಿಯ ಮೂರು ಗೆಣಸುಗಳನ್ನು ತೆಗೆದುಕೊಂಡು, ಒಂದನ್ನು ತೆಳುವಾಗಿ ಹೆಚ್ಚಿ ಕುದಿಯುವ ನೀರಿಗೆ ಹಾಕಿ, ಇನ್ನೊಂದನ್ನು ಕುಕ್ಕರಿನಲ್ಲಿ ಬೇಯಿಸಿ, ಮೂರನೆಯದನ್ನು ಮಡಕೆಯಲ್ಲೋ ಬೂದಿಯಲ್ಲೋ ಸುಡಿರಿ. ಮೂರೂ ಆರಿದ ಮೇಲೆ ಕಣ್ಣು ಕಟ್ಟಿ ಮಕ್ಕಳಿಗೆ ರುಚಿ ತೋರಿಸಿ, ಯಾವುದು ಹೆಚ್ಚು ಸಿಹಿಯೆಂದು ಕೇಳಿರಿ. ಹಸಿಗೆಣಸಿನ ಬಿಲ್ಲೆಯೊಂದರ ಮೇಲೆ ಟಿಂಕ್ಚರ್ ಅಯೊಡಿನ್ನಿನ ಹನಿ ಬಿಟ್ಟರೆ ಅದು ಕಡುನೀಲಿಯಾಗಿ ಪಿಷ್ಟದ ಇರವನ್ನು ಸಾರುವುದನ್ನೂ ತೋರಿಸಬಹುದು; ಆ ಬಿಲ್ಲೆಯನ್ನು ತಿನ್ನದಂತೆ ಎಚ್ಚರವಹಿಸಬೇಕು.

ಸುಟ್ಟ ಗೆಣಸನ್ನು ತಿನ್ನುವ ವಿಧಾನದಲ್ಲಿ ಶಾಸ್ತ್ರಕ್ಕೆ ಹೆಚ್ಚಿನ ಅಧಿಕಾರವಿಲ್ಲ. ಬೂದಿ ಕೊಡವಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ನಡುವೆ ಸೀಳಿ, ಅದರಲ್ಲಿ ಒಂದು ಚಮಚ ತುಪ್ಪ ಬಿಡುವುದು ನಮ್ಮ ಮನೆಯ ಪದ್ಧತಿ. ಕಿತ್ತಳೆ ಬಣ್ಣದ ತಿರುಳಿನ ಗೆಣಸಾಗಿದ್ದರೆ ಈ ತುಪ್ಪಕ್ಕೆ ಒಂದು ಸಮರ್ಥನೆಯೂ ಉಂಟು. ಆ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನ್ ನಮ್ಮ ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುವುದನ್ನು 1930ರಲ್ಲಿ ಥಾಮಸ್ ಮೂರ್ ತೋರಿಸಿಕೊಟ್ಟನು. ಅದು ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿ ಕರಗುವ ವಸ್ತುವಾದುದರಿಂದ, ತುಪ್ಪವಿದ್ದರೆ ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಬಿಳಿಯ ತಿರುಳಿನ ಗೆಣಸಿಗೆ ಈ ನೆಪವಿಲ್ಲ. ಅಲ್ಲಿ ತುಪ್ಪವನ್ನು ರುಚಿಗಾಗಿಯೇ ಹಾಕಬೇಕು.

ಕೊನೆಯದಾಗಿ ಓದುಗರಲ್ಲಿ ಒಂದೇ ವಿಜ್ಞಾಪನೆ. ಓವನ್ನಿನಲ್ಲಾಗಲಿ, ಮಡಕೆಯಲ್ಲಾಗಲಿ, ಬೂದಿಯಲ್ಲಾಗಲಿ ಗೆಣಸನ್ನು ಇಟ್ಟ ಮೇಲೆ ಮೊದಲ ಒಂದು ಗಂಟೆ ಅದನ್ನು ಕೆದಕಬೇಡಿ, ಉರಿಯನ್ನು ಹೆಚ್ಚಿಸಬೇಡಿ. ಮಕ್ಕಳು ಬಂದು "ಆಯಿತೇ?" ಎಂದು ಕೇಳಿದರೆ, ಅದಿನ್ನೂ ಸಿಹಿಯಾಗಿಲ್ಲವೆಂದು ಹೇಳಿರಿ, ಆ ಉತ್ತರ ಶಾಸ್ತ್ರಸಮ್ಮತವಾದುದು.